ಮೂಕತ್ತೆಯ ಹಗಲು ದೀಪಗಳು

ನನ್ನ ಸೋದರತ್ತೆ ಮೂಕಮ್ಮ ಹೆಸರಿಗಷ್ಟೇ ಮೂಕಮ್ಮ. ಕೋಣಂದೂರಿನ ನಮ್ಮ ಮನೆಯಲ್ಲಿ ಅವಳು ಬೆಳೆದದ್ದು ಸೀಮೆಎಣ್ಣೆ ಬುಡ್ಡಿಯ ಕಾಲದಲ್ಲಿ. ಊಟ ಮುಗಿದ ಮೇಲೂ ಬುಡ್ಡಿ ಉರಿಯುತ್ತಿದ್ದರೆ "ಯಾರಪ್ಪನ ಗಂಟು ಸುಡ್ತಿದೆ ಅದು" ಎಂದು ಊದಿ ಆರಿಸುತ್ತಿದ್ದವಳು ಅವಳೇ. ಒಂದು ಕಡ್ಡಿ ಗೀರಿದರೆ ಒಲೆ, ದೇವರ ದೀಪ, ಅಜ್ಜನ ಬೀಡಿ ಮೂರೂ ಹೊತ್ತಿಕೊಳ್ಳಬೇಕಿತ್ತು.

ನಾನು ಮೂರು ಕಡೆ ದುಡಿದವನು. ಮೊದಲು ತೀರ್ಥಹಳ್ಳಿಯ ಅಕ್ಕಿ ಗಿರಣಿ, ಆಮೇಲೆ ಒಂದು ಸಹಕಾರ ಸಂಘ, ಈಗ ಸಾಗರದಲ್ಲಿ ಒಂದು ಆಸ್ಪತ್ರೆಯ ಆಫೀಸು. ಮೂರೂ ಕಡೆ ದಕ್ಷತೆ, ದಕ್ಷತೆ ಎಂದು ಕೇಳಿ ಕೇಳಿ ಕಿವಿ ತೂತಾಗಿದೆ. ಗಿರಣಿಯಲ್ಲಿ ಹಾಗೆಂದರೆ ಮಿಷನ್ ನಿಲ್ಲಬಾರದು. ಸಂಘದಲ್ಲಿ ದುಡ್ಡು ಸುಮ್ಮನೆ ಕೂರಬಾರದು. ಆಸ್ಪತ್ರೆಯಲ್ಲಿ ಮಂಚ ಬೇಗ ಖಾಲಿಯಾಗಬೇಕು. ಇವರೆಲ್ಲ ಮೂಕತ್ತೆಯನ್ನು ಒಂದು ವಾರ ಕೆಲಸಕ್ಕಿಟ್ಟುಕೊಂಡಿದ್ದರೆ ನನ್ನಂಥವರ ಸಂಬಳವಾದರೂ ಉಳಿಯುತ್ತಿತ್ತು.

ಇಂಥವಳನ್ನು ಕೊಟ್ಟದ್ದು ನಿಟ್ಟೂರಿನಾಚೆ, ಕಾಡಂಚಿನ ಒಂಟಿ ಮನೆಗೆ. ಅಲ್ಲಿಗೆ ಇವತ್ತಿಗೂ ಕರೆಂಟಿನ ಕಂಬ ಬಂದಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮಾವ ಮುಕುಂದಯ್ಯ ಗುಡ್ಡದ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಸಣ್ಣದೊಂದು ಚಕ್ರ ತಿರುಗಿಸಿ, ಮನೆಗೆ ಬೇಕಾದ ಕರೆಂಟನ್ನು ತಾವೇ ತೆಗೆದರು. ಅದು ಹಳೇ ಮಾದರಿಯ ಯಂತ್ರ. ಅದರಲ್ಲಿ ಹುಟ್ಟಿದ ಕರೆಂಟನ್ನು ಕೂಡಿಡುವಂತಿಲ್ಲ, ಹುಟ್ಟಿದಷ್ಟೂ ಆಗಲೇ ಖರ್ಚಾಗಬೇಕು. ಖರ್ಚು ಇಳಿದರೆ ಚಕ್ರಕ್ಕೆ ಭಾರ ಕಡಿಮೆಯಾಗಿ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜು ಏರುತ್ತದೆ, ಮನೆಯಲ್ಲಿ ಓಡುತ್ತಿರುವ ಸಾಮಾನೆಲ್ಲ ಸುಟ್ಟುಹೋಗುತ್ತದೆ. ಹಾಗಾಗಿ ಅಲ್ಲಿ ಹಗಲೂ ರಾತ್ರಿ ಬಲ್ಬು ಉರಿಯುತ್ತಿರಬೇಕು, ಬಚ್ಚಲ ಹಂಡೆಯ ಕಾಯಿಲು ನೀರು ಕಾಯಿಸುತ್ತಲೇ ಇರಬೇಕು.

ಯಂತ್ರ ಬಂದ ಮಾರನೇ ದಿನವೇ ಅತ್ತೆ ಬೆಳಗಿನ ಬಿಸಿಲು ನೋಡಿ ಮನೆಯ ಬಲ್ಬುಗಳನ್ನೆಲ್ಲ ಆರಿಸಿದಳು. ಹೊಸ ರೇಡಿಯೋ ಹೊಗೆಯಾಡಿತು. "ಉಳ್ಸಕ್ಕೆ ಹೋಗಿ ಸುಟ್ಯಲ್ಲೇ ಮಾರಾಯ್ತಿ" ಎಂದು ಮಾವ ನಕ್ಕರು. ಅವಳು ನಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಅಂದಿನಿಂದ ಸ್ವಿಚ್ಚಿನ ಹತ್ತಿರ ಕೂತರೆ ಕೈಯನ್ನು ತೊಡೆಯಡಿ ಇಟ್ಟುಕೊಳ್ಳುತ್ತಿದ್ದಳು. ಅಟ್ಟದ ಬಲ್ಬಿನ ಕೆಳಗೆ ಕೋಳಿಮರಿಯ ಬುಟ್ಟಿ ಇಟ್ಟಳು, ಪಡಸಾಲೆಯ ಬಲ್ಬಿಗೆ ಮೆಣಸಿನಕಾಯಿ ಒಡ್ಡಿದಳು. "ಬಿಸ್ಲಲ್ಲಿ ಬಲ್ಬು ಉರಿಯದು ನೋಡಿದ್ರೆ ನನ್ ಹೊಟ್ಟೆ ಉರೀತದೆ ಯೋಗು" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ಹೋದ ವರ್ಷ ಮಾವನ ಶ್ವಾಸಕೋಶ ಕೈಕೊಟ್ಟಿತು. ನಮ್ಮ ಆಸ್ಪತ್ರೆಗೇ ಸೇರಿಸಿದೆವು. ಮಂಚ ಬೇಗ ಖಾಲಿಯಾಗಬೇಕಲ್ಲ. ಇನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಎಂದು ಆಮ್ಲಜನಕದ ಮಿಷನ್ನೊಂದನ್ನು ಜೊತೆಗೆ ಕೊಟ್ಟು ಕಳಿಸಿದರು. ಅದು ನಡೆಯುವುದು ಕರೆಂಟಿನಲ್ಲಿ. ಅಲ್ಲಿಗೆ ಮಾವನ ಉಸಿರು ಆ ಮನೆಯ ಬಲ್ಬುಗಳಿಗೆ ಗಂಟುಬಿತ್ತು.

ಅತ್ತೆಯ ನಿದ್ದೆ ಹಾರಿಹೋಯಿತು. ಪ್ರತಿ ಸ್ವಿಚ್ಚಿನ ಮೇಲೂ ಗಾಯದ ಪಟ್ಟಿ ಅಂಟಿಸಿದಳು. ನೆಂಟರು ಬಂದರೆ ಗೋಡೆಗೆ ಅಡ್ಡ ನಿಲ್ಲುತ್ತಿದ್ದಳು. "ಬೇರೆಯವ್ರ ಹೆದ್ರಿಕೆ ಇಲ್ಲ, ನನ್ ಕೈದೇ ಹೆದ್ರಿಕೆ. ನಿದ್ದೆಗಣ್ಣಲ್ಲಿ ಎದ್ದು ಆರ್ಸಿಬಿಟ್ರೆ?" ಎಂದು ಒಮ್ಮೆ ಕೇಳಿದಳು. ನನಗೂ ಆಮೇಲೆ ಅದೇ ಹೆದರಿಕೆ ಹಿಡಿಯಿತು.

ದೀಪಾವಳಿ ಕಳೆದ ಒಂದು ಭಾನುವಾರ ಮಿಷನ್ನಿನ ಫಿಲ್ಟರು ಕೊಡಲು ಹೋಗಿದ್ದೆ. ಆಪತ್ತಿಗೆಂದು ಮನೆಯಲ್ಲಿಟ್ಟಿದ್ದ ಆಮ್ಲಜನಕದ ಸಣ್ಣ ಸಿಲಿಂಡರು ಮುಗಿದಿತ್ತು. ಅದನ್ನು ತುಂಬಿಸಿ ತರಲು ಅತ್ತೆಯ ಮಗ ಸತೀಶ್ ಜೀಪಿನಲ್ಲಿ ಹೊಸನಗರಕ್ಕೆ ಹೋಗಿದ್ದ. ನಾನು ಊಟಕ್ಕೆ ಕೂತಿದ್ದೆ, ಅತ್ತೆ ಬಡಿಸುತ್ತಿದ್ದಳು. ತಲೆಯ ಮೇಲಿನ ಹಳದಿ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗಾಯಿತು.

ಬಚ್ಚಲ ಕಾಯಿಲು ತುಂಡಾಗಿತ್ತು, ಅದು ತಿಳಿದದ್ದು ಆಮೇಲೆ. ಆಗ ಕೇಳಿದ್ದು ಮಿಷನ್ನಿನ ಕಿರುಗುಟ್ಟುವ ಸದ್ದು. ಅದನ್ನು ಕಾಯಲೆಂದು ಇಟ್ಟಿದ್ದ ಸ್ಟೆಬಿಲೈಸರು ಟಕ್ಕೆಂದು ಕರೆಂಟು ಕಡಿಯಿತು. ಮಿಷನ್ನಿನ ಖರ್ಚೂ ನಿಂತದ್ದೇ ವೋಲ್ಟೇಜು ಇನ್ನಷ್ಟು ಏರಿ ಅಡುಗೆಮನೆಯ ಬಲ್ಬು ಒಡೆಯಿತು. ಪಡಸಾಲೆಯ ಮಂಚದಲ್ಲಿ ಮಾವ ಎದ್ದು ಕೂತು, ಬಾಯಿ ತೆರೆದು, ನಮ್ಮಿಬ್ಬರ ಮುಖ ನೋಡಿದರು.

ಗುಡ್ಡ ಹತ್ತಿ ನೀರು ನಿಲ್ಲಿಸಿ ಬರುತ್ತೇನೆ ಎಂದು ನಾನು ಎಂಜಲು ಕೈಯಲ್ಲೇ ಎದ್ದೆ.

"ನಿಲ್ಸಿದ್ರೆ ಅವ್ರಿಗೆ ಉಸ್ರು ಎಲ್ಲಿಂದ ತರ್ತೀಯ?" ಎಂದಳು ಅತ್ತೆ. "ಹಾಕು. ಕಂಡಿದ್ದೆಲ್ಲ ಹಾಕು."

ಅವಳು ಪಟ್ಟಿ ಕಿತ್ತು ಕಿತ್ತು ಸ್ವಿಚ್ಚು ಒತ್ತುತ್ತ ಓಡಿದಳು. ನಾನು ಟಿವಿ ಹಾಕಿದೆ, ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಹಾಕಿದೆ, ಮಿಕ್ಸಿ ಹಾಕಿದೆ. ಬೆಳಕು ಸ್ವಲ್ಪ ಇಳಿಯಿತು, ಸಾಲಲಿಲ್ಲ. ಉಳಿದದ್ದು ಗ್ರೈಂಡರು ಒಂದೇ. ನೆನೆಸಿದ್ದು ಏನೂ ಇರಲಿಲ್ಲ. ಬರಿ ಒರಳು ತಿರುಗಿಸಿದರೆ ಮನೆಗೆ ಕೇಡು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅತ್ತೆಯ ಕೈ ಸ್ವಿಚ್ಚಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಒತ್ತಿದಳು.

ಕಲ್ಲು ಕಲ್ಲಿಗೆ ಉಜ್ಜಿ ಮನೆಯೆಲ್ಲ ಗುಡುಗಿತು. ಬಲ್ಬು ಹಳದಿಗೆ ಬಂತು. ಆದರೂ ಸ್ಟೆಬಿಲೈಸರು ಸುಮ್ಮನಿತ್ತು, ಅದು ಮತ್ತೆ ಕರೆಂಟು ಬಿಡಲು ತುಸು ಹೊತ್ತು ಹಿಡಿಯುತ್ತದೆ. ಮಾವನ ತುಟಿ ನೀಲಿಯಾಗುತ್ತಿತ್ತು. ನಾನು ಅದಕ್ಕೆ ಕೈಮುಗಿದೆನೋ ಬೈದೆನೋ ನೆನಪಿಲ್ಲ. ಕೊನೆಗೆ ಟಕ್ಕೆಂದಿತು. ಮಿಷನ್ನು ಉಸಿರಾಡತೊಡಗಿತು, ಅದರ ಹಿಂದೆ ಮಾವ.

ಸಂಜೆ ಸತೀಶ್ ಬಂದು ಕಾಯಿಲು ಬದಲಿಸುವವರೆಗೆ ಎಲ್ಲವೂ ಓಡುತ್ತಲೇ ಇತ್ತು. ನಡುವೆ ಮಾವ ಮುಖದ ಮೇಲಿನ ಮಾಸ್ಕು ಸರಿಸಿ, "ಬರಿ ಒರಳು ತಿರುಗ್ತಿದೆಯಲ್ಲೇ" ಎಂದರು.

"ತಿರುಗ್ಲಿ ಬಿಡಿ" ಎಂದಳು ಅತ್ತೆ, ಮಾಸ್ಕು ಸರಿಮಾಡುತ್ತ.

ಮಾವ ಸಂಕ್ರಾಂತಿ ನೋಡಿದರು. ಅದಾಗಿ ಕೆಲವೇ ದಿನಕ್ಕೆ, ಮಿಷನ್ನು ಸರಿಯಾಗಿ ನಡೆಯುತ್ತಿರುವಾಗಲೇ ಹೋದರು. ಸುಡುಗಾಡಿನಿಂದ ನಾವು ಬಂದ ಮೇಲೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಬರಿ ಒರಳು ತಿರ್ಗಿಸಿದ್ದಕ್ಕಾ ಯೋಗು?" ಎಂದು ಕೇಳಿದಳು. ಅಲ್ಲ, ಅದರಿಂದಲೇ ಇಷ್ಟು ದಿನ ಸಿಕ್ಕಿದ್ದು ಎಂದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಬೇರೊಬ್ಬರು ಕಾಯುತ್ತಿದ್ದರಿಂದ ಮಿಷನ್ನು ಬೇಗನೆ ವಾಪಸು ಹೋಯಿತು. ಆದರೆ ಅದು ತಿನ್ನುತ್ತಿದ್ದ ಕರೆಂಟನ್ನು ಇನ್ನು ಯಾವುದಾದರೂ ತಿನ್ನಬೇಕಲ್ಲ. ಸತೀಶ್ ಮಾವನ ಮಂಚದ ಮೇಲೆ ದೊಡ್ಡ ಬಲ್ಬುಗಳನ್ನು ತೂಗುಹಾಕಿದ. ಹೆಣ ಮಲಗಿಸಿದ ಜಾಗದಲ್ಲಿಟ್ಟಿದ್ದ ಎಣ್ಣೆದೀಪವನ್ನು ಕರ್ಮಾಂತರ ಮುಗಿದ ಮೇಲೆ ತೆಗೆದರು. ಬಲ್ಬುಗಳನ್ನು ಆರಿಸುವಂತಿರಲಿಲ್ಲ.

ಮೊನ್ನೆ ನಡುಮಧ್ಯಾಹ್ನ ಹೋದಾಗ ಮಂಚ ಖಾಲಿಯಿತ್ತು, ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. ಅತ್ತೆ ಅವುಗಳ ಕೆಳಗೆ, ಬೆವರುತ್ತ, ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿದ್ದಳು.

"ಜಗಲೀಲಿ ಗಾಳಿ ಬೆಳಕು ಇದೆಯಲ್ಲತ್ತೆ, ಇಲ್ಲೆಂತಕ್ಕೆ ಕೂತೆ?" ಎಂದೆ.

"ಯಾರಾದ್ರೂ ಕೂತಿದ್ರೆ ದಂಡ ಆಗಲ್ಲ ಕಣಾ" ಎಂದಳು.

ನಾನೂ ಕೂತೆ.