ಪೋಸ್ಟಮ್ಮ ನುಂಗಿದ ಮಾತು

ಆ ವರ್ಕ್‌ಶಾಪಿಗೆ ಎಂಜಿನ್ ತರುವವರೆಲ್ಲ ಅವಳನ್ನು ಪೋಸ್ಟಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುವಷ್ಟು ಸಲುಗೆ ಕೆಲವರಿಗೆ ಮಾತ್ರ ಇತ್ತು, ಉಳಿದವರು ಬೆನ್ನ ಹಿಂದೆ ಕರೆಯುತ್ತಿದ್ದರು. ಅವಳಿಗೆ ಎರಡೂ ಗೊತ್ತಿತ್ತು, ಎರಡಕ್ಕೂ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ!

ಅಂಗಳದ ಈ ಕಡೆಯ ಶೆಡ್ಡು ಅವಳ ಗಂಡನದು. ಅಲ್ಲಿ ಎಂಜಿನ್ನಿನ ಕೆಳಭಾಗದ ಕೆಲಸ: ಬ್ಲಾಕು, ಪಿಸ್ಟನ್ನು, ಕ್ರ್ಯಾಂಕು. ಆ ಕಡೆಯದು ಮೈದುನನದು. ಅಲ್ಲಿ ಮೇಲ್ಭಾಗದ ಹೆಡ್ಡು ಮತ್ತು ವಾಲ್ವುಗಳು, ಮೂಲೆಯಲ್ಲೊಂದು ಲೇತು. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನಗು ಬರಬೇಕು. ತೀರಿಹೋದ ಅಪ್ಪನ ಮೈಕ್ರೋಮೀಟರ್ ಒಂದು ದಿನ ನೆಲಕ್ಕೆ ಬಿದ್ದು ಹಾಳಾಯಿತು. ಬೀಳಿಸಿದ್ದು ನೀನು ಎಂದು ಇವನು, ನೀನು ಎಂದು ಅವನು. ಅಷ್ಟೇ! ಅವತ್ತಿನಿಂದ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಎಂಜಿನ್ನನ್ನು ಇಬ್ಬರೂ ಸೇರಿ ಕಟ್ಟುತ್ತ ಬಂದಿದ್ದರು. ಊಟವೂ ಒಂದೇ ಅಡುಗೆಮನೆಯಿಂದ, ಆದರೆ ಬೇರೆ ಬೇರೆ ಹೊತ್ತಿಗೆ. ಈ ಶೆಡ್ಡಿನ ಮಾತನ್ನು ಆ ಶೆಡ್ಡಿಗೆ ದಾಟಿಸುವ ಕೆಲಸ ಮಾತ್ರ ಪೋಸ್ಟಮ್ಮನ ಕೊರಳಿಗೆ ಬಿತ್ತು.

ಮಾತನ್ನು ಇದ್ದ ಹಾಗೆ ಒಯ್ದಿದ್ದರೆ ಆ ಅಂಗಳದಲ್ಲಿ ಎಂದೋ ಸ್ಪ್ಯಾನರುಗಳು ಹಾರಾಡುತ್ತಿದ್ದವು. “ಆ ದಡ್ಡ ಶಿಖಾಮಣಿಗೆ ಕಣ್ಣು ಕಾಣುತ್ತೋ ಇಲ್ವೋ ಕೇಳು, ಗ್ಯಾಸ್ಕೆಟ್ ಉಲ್ಟಾ ಕೊಟ್ಟಿದಾನೆ” ಎಂದು ಗಂಡ ಕೂಗಿದರೆ, ಅಂಗಳ ದಾಟುವಷ್ಟರಲ್ಲಿ ಅದು “ಗ್ಯಾಸ್ಕೆಟ್ ಒಂದ್ಸಲ ನೋಡ್ಬೇಕಂತೆ” ಎಂದಾಗಿರುತ್ತಿತ್ತು. “ಅವನಪ್ಪನ ಮನೆ ಗಂಟೇನು ಹೋಗ್ತಿತ್ತು ಮೊದಲೇ ಹೇಳಿದ್ರೆ” ಎಂದು ಮೈದುನ ಸಿಡುಕಿದರೆ, ಇಬ್ಬರ ಅಪ್ಪನೂ ಒಬ್ಬನೇ ಎಂಬುದನ್ನು ನೆನಪಿಸದೆ ಅದನ್ನು ಹೊಟ್ಟೆಗೆ ಹಾಕಿಕೊಂಡು, “ಆಗಲಿ ಅಂದ” ಎಂದಷ್ಟೇ ಬಂದು ಹೇಳುತ್ತಿದ್ದಳು. ಜನ ಮಾತಿಗೆ ಉಪ್ಪು ಖಾರ ಹಚ್ಚುತ್ತಾರೆ. ಇವಳದು ಉಪ್ಪು ಖಾರ ತೊಳೆದು ಬಡಿಸುವ ಕಸುಬು. ಅದೆಷ್ಟು ಸುಸ್ತಿನ ಕೆಲಸ ಎಂದು ಆ ಇಬ್ಬರು ಮಹಾಶಯರಿಗೆ ಹೇಗೆ ಗೊತ್ತಾಗಬೇಕು?

ಅವಳಿಗೆ ತನ್ನದೇ ಆದ ಇನ್ನೊಂದು ಕೆಲಸವೂ ಇತ್ತು. ಹೆಡ್ಡು ಬ್ಲಾಕಿನ ಮೇಲೆ ಕೂತಾದ ಮೇಲೆ ಪುಶ್‌ರಾಡಿನ ಉದ್ದ ಪರೀಕ್ಷಿಸುವುದು ಅವಳೇ. ಕೆಳಗೆ ತಿರುಗುವ ಕ್ಯಾಮು ಈ ಉದ್ದನೆಯ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ, ಕಡ್ಡಿ ರಾಕರ್ ಎಂಬ ತೋಳನ್ನು ಎತ್ತುತ್ತದೆ, ತೋಳಿನ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಕಡ್ಡಿಯ ಉದ್ದ ಸರಿ ಇದ್ದರೆ ತೋಳು ವಾಲ್ವಿನ ತಲೆಯ ನಡುಮಧ್ಯೆ ಒತ್ತುತ್ತದೆ. ಹೆಚ್ಚುಕಡಿಮೆಯಾದರೆ ಅಂಚಿನಲ್ಲಿ ಒತ್ತಿ, ವಾಲ್ವನ್ನು ಪಕ್ಕಕ್ಕೆ ನೂಕಿ ನೂಕಿ ಸವೆಸುತ್ತದೆ. ಮಾವ ಬದುಕಿದ್ದಾಗ ಅವಳಿಗೆ ಇದನ್ನು ಕಲಿಸಿದ್ದರು. “ನನ್ನ ಮಕ್ಕಳಿಗೆ ತಾಳ್ಮೆ ಇಲ್ಲಮ್ಮ” ಎಂದಿದ್ದರು. ಎಷ್ಟು ಇಲ್ಲ ಎಂಬುದನ್ನು ನೋಡುವುದಕ್ಕೆ ಅವರು ಉಳಿಯಲಿಲ್ಲ.

ಈ ಸಲ ಬಂದದ್ದು ನಾದಿನಿಯ ವ್ಯಾನು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಗುಡ್ಡದ ಮೇಲಿನ ಲಾಂಡ್ರಿಗೆ ಒಯ್ದು ತರುವುದು ಅವಳ ಕೆಲಸ. ಎಂಜಿನ್ ಒಮ್ಮೆ ಬಿಸಿಯೇರಿ ನಿಂತುಬಿಟ್ಟಿತ್ತು. ಇಳಿಜಾರಿನಲ್ಲಿ ಹಿಂದಕ್ಕೆ ಜಾರಿದ ವ್ಯಾನನ್ನು ನಿಲ್ಲಿಸುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತಂತೆ. “ಅಣ್ಣಂದಿರೇ, ಇನ್ನೊಂದ್ಸಲ ದಾರೀಲಿ ನಿಂತ್ರೆ ಆಸ್ಪತ್ರೆಯವರು ಬೇರೆಯವರನ್ನ ನೋಡ್ಕೊತಾರೆ” ಎಂದು ಅಂಗಳದ ನಡುವೆ ನಿಂತು, ಎರಡೂ ಶೆಡ್ಡಿಗೆ ಕೇಳುವಂತೆ ಹೇಳಿ ಹೋಗಿದ್ದಳು. ಎರಡೂ ಕಡೆಯಿಂದ ಬೇರೆ ಬೇರೆಯಾಗಿ “ಹೂಂ” ಬಂದಿತ್ತು.

ಹೆಡ್ಡು ಕೂರಿಸಿದ ದಿನ ಪೋಸ್ಟಮ್ಮ ವಾಲ್ವಿನ ತಲೆಗೆ ನೀಲಿ ಶಾಯಿ ಬಳಿದು, ಪುಶ್‌ರಾಡಿಟ್ಟು, ರಾಕರ್ ಬಿಗಿದು, ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದಳು. ಬಿಚ್ಚಿ ನೋಡಿದರೆ ಶಾಯಿ ಅಳಿಸಿದ ಗೆರೆ ನಡುವಿನಲ್ಲಿಲ್ಲ, ಹೊರಗಿನ ಅಂಚಿಗೆ ಹೋಗಿ ಕೂತಿದೆ. ಕಣ್ಣುಜ್ಜಿಕೊಂಡು ಮತ್ತೆ ಮಾಡಿದಳು. ಅದೇ ಗೆರೆ, ಅದೇ ಅಂಚು. ಮಾವ ಮಾಡಿಟ್ಟಿದ್ದ ಅಳತೆ ಕಡ್ಡಿ ತಂದಳು. ಅದನ್ನು ತಿರುಪಿದರೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಗಿಡ್ಡ ಮಾಡಿ ನೋಡಿದಳು, ಸಾಲದು. ಇನ್ನೂ ಗಿಡ್ಡ ಮಾಡಿದಳು. ಗೆರೆ ನಡುವಿಗೆ ಬರುವ ಹೊತ್ತಿಗೆ ಕಡ್ಡಿ ತೀರಾ ಗಿಡ್ಡವಾಗಿತ್ತು. ಮಟ್ಟ ಮಾಡಲೆಂದು ಲೋಹವನ್ನು ಒಂದೇ ಕಡೆ ಉಜ್ಜಿ ತೆಗೆದಿದ್ದರೆ ಇಷ್ಟು ಬೇಕಾಗುವುದಿಲ್ಲ. ಬ್ಲಾಕಿನ ಮೇಲ್ಮೈಯನ್ನೂ ಉಜ್ಜಿದ್ದಾರೆ, ಹೆಡ್ಡಿನ ಕೆಳಮೈಯನ್ನೂ ಉಜ್ಜಿದ್ದಾರೆ. ಎಂಜಿನ್ ಕುಳ್ಳಾಗಿದೆ, ಕಡ್ಡಿ ಮಾತ್ರ ಹಳೇ ಉದ್ದವೇ ಇದೆ.

ಆಗ ನೆನಪಾಯಿತು. ಹೋದ ವಾರ ಗಂಡ ಹೇಳಿದ್ದ: “ಬ್ಲಾಕಿನ ಮುಖ ಕೆಟ್ಟಿತ್ತು, ಚೆನ್ನಾಗೇ ಉಜ್ಜಿಸಿದೀನಿ. ಆ ಕೈ ತುರಿಕೆಯವನು ಹೆಡ್ ಉಜ್ಜೋಕೆ ಹೋಗ್ಬಾರ್ದು ಅಂತ ಹೇಳು. ಮುಟ್ಟಿದ್ರೆ ಕೈ ಮುರೀತೀನಿ ಅಂತಲೂ ಹೇಳು.” ಅವತ್ತು ಅವಳಿಗೆ ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಕೈ ತುರಿಕೆಯನ್ನು ತೆಗೆದಳು, ಕೈ ಮುರಿಯುವುದನ್ನು ತೆಗೆದಳು. ಉಜ್ಜಬೇಡ ಎಂದರೆ ಅವನಿಗೆ ಸಿಟ್ಟು ಬರುತ್ತದೆಂದು ಅದನ್ನೂ ತೆಗೆದಳು. ಕೊನೆಗೆ ಮೈದುನನ ಬಾಗಿಲಲ್ಲಿ ನಿಂತಾಗ ಕೈಯಲ್ಲಿ ಉಳಿದದ್ದು ಇಷ್ಟೇ: “ಹೆಡ್ ಚೆನ್ನಾಗಿ ನೋಡ್ಬೇಕಂತೆ.” ಅವನು ಚೆನ್ನಾಗಿಯೇ ನೋಡಿ, ಚೆನ್ನಾಗಿಯೇ ಉಜ್ಜಿದ್ದ.

ಅವಳು ಮಣೆ ಎಳೆದುಕೊಂಡು ಕೂತಳು. ಸುಮ್ಮನಿದ್ದುಬಿಡಬಹುದಿತ್ತು. ಎಂಜಿನ್ ಶುರುವಾಗುತ್ತದೆ, ಓಡುತ್ತದೆ, ಕೆಲವು ತಿಂಗಳು ಯಾರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ಒಂದು ದಿನ ಅದೇ ಗುಡ್ಡದ ಮೇಲೆ ಹೊಗೆ ಕಾರಿ ನಿಲ್ಲುತ್ತದೆ. ಗಿಡ್ಡ ಕಡ್ಡಿ ಬೇಕು ಎಂದಷ್ಟೇ ಹೇಳಿದರೆ, ಏಕೆ ಎಂಬ ಪ್ರಶ್ನೆ ಬರುತ್ತದೆ. ಹೇಳಿದರೂ ಉಜ್ಜಿದ ಎಂದು ಇವನು, ಹೇಳಲೇ ಇಲ್ಲ ಎಂದು ಅವನು; ಮೈಕ್ರೋಮೀಟರಿನ ಕಥೆಯೇ ಮತ್ತೆ ಮೊದಲಿನಿಂದ. ಆ ಜಗಳವನ್ನು ತೊಳೆದು ತೊಳೆದು ಇನ್ನಷ್ಟು ವರ್ಷ ಈ ಅಂಗಳ ದಾಟುವುದೇ? ಅವಳಿಗೆ ಸಾಕುಸಾಕಾಗಿತ್ತು. ಭಯಕ್ಕಿಂತ ಸುಸ್ತೇ ಹೆಚ್ಚಾಗಿತ್ತು ಎಂದರೆ ಸುಳ್ಳಲ್ಲ.

ಎದ್ದು ಅಂಗಳದ ನಡುವೆ ನಿಂತು ಕೂಗಿದಳು. “ಇಬ್ರೂ ಬನ್ನಿ ಇಲ್ಲಿ. ಇವತ್ತು ನಾನು ಯಾರ ಹತ್ರಾನೂ ಬರಲ್ಲ.”

ಅವಳ ಅಂಥ ದನಿಯನ್ನು ಅವರು ಎಂದೂ ಕೇಳಿರಲಿಲ್ಲ. ಇಬ್ಬರೂ ಬಂದರು, ಎಂಜಿನ್ನಿನ ಆಚೆಗೊಬ್ಬ, ಈಚೆಗೊಬ್ಬ. ಅವಳು ಅಂಚಿನ ಗೆರೆ ತೋರಿಸಿದಳು, ಅಳತೆ ಕಡ್ಡಿ ತೋರಿಸಿದಳು. ಗಂಡನ ಮುಖ ಕೆಂಪಾಯಿತು, ಬಾಯಿ ತೆರೆಯಿತು.

“ಅವನಿಗೆ ಬೈಬೇಡಿ. ಹೆಡ್ ಉಜ್ಜಬೇಡ ಅಂತ ನೀವು ಹೇಳಿದ್ರಿ, ನಾನೇ ಅವನಿಗೆ ಹೇಳ್ಲಿಲ್ಲ. ತಪ್ಪು ನಂದು.”

ಗಂಡ ನೇರವಾಗಿ ತಮ್ಮನ ಮುಖ ನೋಡಿ ಹೇಳಿದ: “ನೋಡಿದ್ಯೇನೋ ಇವಳ ಕೆಲಸಾನ? ನಾನು ಬಿಡಿಸಿ ಬಿಡಿಸಿ ಹೇಳಿದ್ದೆ.”

“ನಂಗೊಂದಕ್ಷರ ಗೊತ್ತಿಲ್ಲ ಅಣ್ಣ” ಎಂದ ತಮ್ಮ. “ಚೆನ್ನಾಗಿ ನೋಡು ಅಂದ್ರು, ನೋಡ್ದೆ. ಅಲ್ಲ ಅತ್ತಿಗೆ, ಇಷ್ಟು ದೊಡ್ಡ ವಿಷಯಾನ ಯಾರಾದ್ರೂ ನುಂಗ್ತಾರಾ?”

“ಕೇಳು, ಕೇಳು. ಎಷ್ಟು ಉಜ್ಜಿದೆ ನೀನು?”

“ನೀನೆಷ್ಟು ಉಜ್ಜಿಸ್ದೆ, ಮೊದಲು ಅದು ಹೇಳು.”

ಅಷ್ಟೇ. ಇಬ್ಬರೂ ಎಂಜಿನ್ನಿನ ಮೇಲೆ ಬಗ್ಗಿ ಲೆಕ್ಕಕ್ಕಿಳಿದರು. ಕಡ್ಡಿಗಳನ್ನು ಲೇತಿನಲ್ಲಿ ಕತ್ತರಿಸಿ ತುದಿ ಮತ್ತೆ ಕೂರಿಸೋಣ ಎಂದು ತಮ್ಮ, ತುದಿ ಸಡಿಲವಾದರೆ ನಿನ್ನ ಚರ್ಮ ಸುಲಿಯುತ್ತೇನೆ ಎಂದು ಅಣ್ಣ. ನಡುನಡುವೆ ಅವಳ ಬೇಜವಾಬ್ದಾರಿಯ ಮಾತು. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ. ಅವಳು ನಿಂತಿದ್ದಾಳೆ ಎಂಬುದು ಇಬ್ಬರಿಗೂ ಮರೆತೇ ಹೋಯಿತು.

ಪೋಸ್ಟಮ್ಮ ಕೈ ತೊಳೆದು ಒಳಗೆ ಹೋಗಿ ಚಾಪೆಯ ಮೇಲೆ ಉರುಳಿದಳು. ಈ ದಿನ ಬಂದರೆ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಖುಷಿಯಾಗಲಿಲ್ಲ, ಮೈಯೆಲ್ಲ ಉರಿಯಿತು. ಇಷ್ಟು ಸುಲಭವಿತ್ತೇ? ಅವರನ್ನು ಒಂದುಗೂಡಿಸುವುದಕ್ಕೆ ಬೇಕಾಗಿದ್ದದ್ದು ಬೈಯುವುದಕ್ಕೊಬ್ಬಳು ಮಾತ್ರವೇ? ಅದಕ್ಕೆ ತನ್ನ ಇಷ್ಟು ವರ್ಷಗಳ ನಡಿಗೆ ಏಕೆ ಬೇಕಿತ್ತು? ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವುದಕ್ಕೂ ಕೈ ಏಳಲಿಲ್ಲ.

ಬಾಗಿಲಲ್ಲಿ ಗಂಡನ ತಲೆ ಕಂಡಿತು. “ನೀಲಿ ಶಾಯಿ ಎಲ್ಲಿಟ್ಟಿದೀಯ ಅಂತ ತಮ್ಮ ಕೇಳ್ತಿದಾನೆ.”

“ಅವನ ಮೂಗಿನ ಮುಂದೇ ಇದೆ, ಕಣ್ಣಿದ್ರೆ ನೋಡ್ಲಿ ಅಂತ ಹೇಳಿ” ಎಂದಳು ಗೋಡೆಗೆ ಮುಖ ಮಾಡಿ.

ಚಪ್ಪಲಿಯ ಸದ್ದು ಅಂಗಳ ದಾಟಿತು. “ಮೂಗಿನ ಮುಂದೇ ಇದೆಯಂತೆ, ಕಣ್ಣಿದ್ರೆ ನೋಡ್ಬೇಕಂತೆ” ಎಂದು ಗಂಡ ಕೂಗಿ ಹೇಳಿದ್ದು ಅವಳಿಗೆ ಕೇಳಿಸಿತು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಆಚೆಯಿಂದ ಮೈದುನ ಜೋರಾಗಿ ನಕ್ಕ. ಅವಳು ಕಣ್ಣು ಮುಚ್ಚಿದಳು.