ಪರೀಕ್ಷೆಗೆ ಮೊದಲೇ ಬಂದ ಪುಸ್ತಕಗಳು

ನಮ್ಮ ಕಾಲೇಜಿನ ಲೈಬ್ರರಿಯನ್ ಮೇಡಂಗೆ ಹುಡುಗರು ಇಟ್ಟ ಹೆಸರು ಸದ್ದಮ್ಮ. ಸದ್ದು ಮಾಡಬೇಡಿ ಎಂದು ಕೂಗುತ್ತಾ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವವರು ಅವರೇ. ಹಾಳೆ ಮಡಚಿದವರ ಜನ್ಮ ಜಾಲಾಡಿಬಿಡುತ್ತಾರೆ. ಐದು ವರ್ಷ ಅವರ ಪಕ್ಕ ಕೂತು ಪುಸ್ತಕಗಳಿಗೆ ಮೊಹರು ಒತ್ತಿದ ನಾನು ಬೈಸಿಕೊಳ್ಳುವುದರಲ್ಲಿ ಡಿಗ್ರಿಯನ್ನೇ ಮುಗಿಸಿದ್ದೇನೆ.

ಪರೀಕ್ಷೆಗೆ ಹತ್ತು ದಿನವಿತ್ತು. ಒಂದೊಂದು ಪುಸ್ತಕಕ್ಕೂ ಕಿತ್ತಾಟ ನಡೆಯುವ ಸಮಯ. ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಬಳಿಯಿದ್ದ ಆರೂ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟಳು. ಜೊತೆಗೆ ಲೈಬ್ರರಿ ಕಾರ್ಡನ್ನೂ ಇಟ್ಟಳು. ಅವಳ ಹಿಂದೆ ಸಾಲು ಬೆಳೆದಿತ್ತು. ಸದ್ಯ, ಪುಸ್ತಕ ಸಿಕ್ಕಿತಲ್ಲ ಎಂದು ನಾನು ಮೊಹರು ಎತ್ತಿದೆ. ಮೇಡಂ ನನ್ನ ಕೈ ತಡೆದರು.

"ಕಾರ್ಡ್ ಯಾಕಮ್ಮ ಕೊಡ್ತಿದ್ದೀಯ?"

"ನಂಗೆ ಇನ್ನು ಬೇಕಾಗಲ್ಲ ಮೇಡಂ."

ಮೇಡಂ ಅವಳನ್ನು ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಒಳಕೋಣೆಗೆ ಕರೆದೊಯ್ದರು. ಇನ್ನು ಬುದ್ಧಿಮಾತು ಶುರುವಾಗುತ್ತದೆ ಎಂದು ನಾನು ಕಿವಿಗೊಟ್ಟೆ. ಅದೇನೂ ಇಲ್ಲ. ಎಂದೂ ಕೇಳದಷ್ಟು ತಗ್ಗಿದ ದನಿಯಲ್ಲಿ ನೇರವಾಗಿ ಕೇಳಿದರು: "ಸಾಯ್ಬೇಕು ಅನ್ನಿಸ್ತಿದೆಯಾ ಮಗಳೇ?"

ಈ ಹೆಂಗಸಿಗೆ ಬುದ್ಧಿ ಇದೆಯೇ ಎಂದು ನನಗೆ ಸಿಟ್ಟು ಬಂತು. ಹುಡುಗಿ "ಹೂಂ" ಎಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಅಳಬೇಡ ಎನ್ನಲಿಲ್ಲ, ಅಪ್ಪ ಅಮ್ಮನ ಮುಖ ನೋಡು ಎನ್ನಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು. ನಿನ್ನ ಒಬ್ಬಳನ್ನೇ ಬಿಡಲ್ಲ. ಕೌನ್ಸೆಲರ್ ಹತ್ರ ಇಬ್ರೂ ಹೋಗೋಣ. ಮನೇಲಿ ಯಾರನ್ನ ಕರೀಲಿ?"

"ಅಕ್ಕನ್ನ."

ಕೌನ್ಸೆಲರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮೇಡಂ ಮೂರು ಗಂಟೆ ಕೂತಿದ್ದರಂತೆ. ಅಕ್ಕ ಬಂದು ತಂಗಿಯನ್ನು ಜೊತೆಗೆ ಕರೆದುಕೊಂಡ ಮೇಲೆಯೇ ಎದ್ದರು. ಅಷ್ಟರಲ್ಲಿ ಸಾಲಿನವರ ಬಾಯಿಗೆ ಸಿಕ್ಕಿ ನಾನು ಹಣ್ಣುಗಾಯಿ ನೀರುಗಾಯಿ ಆಗಿದ್ದೆ. ಅವರು ಬಂದೊಡನೆ ರೇಗಿಬಿಟ್ಟೆ.

"ಹಾಗೆ ಕೇಳೋದಾ ಮೇಡಂ? ಇಲ್ಲದ್ದನ್ನ ತಲೇಲಿ ತುಂಬಿದ ಹಾಗಾದ್ರೆ?"

"ಕೇಳಿದ್ರೆ ತುಂಬಲ್ಲ ಕಣಯ್ಯ. ಒಳಗಿರೋದು ಹೊರಗೆ ಬರುತ್ತೆ, ಅಷ್ಟೇ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನೀನು ಇಲ್ಲಿಗೆ ಬರೋ ಮುಂಚೆ ಒಬ್ಬ ಹುಡುಗ ಪರೀಕ್ಷೆ ಹತ್ರ ಇದ್ದಾಗ ಹೀಗೇ ಎಲ್ಲಾ ಪುಸ್ತಕ ತಂದುಕೊಟ್ಟ. ಎಷ್ಟು ಶಿಸ್ತು ಅಂತ ನಂಗೆ ಖುಷಿಯೋ ಖುಷಿ. ಮಾರನೇ ದಿನ ಅವನು ಇರಲಿಲ್ಲ. ಇಡೀ ಸಾಲಿಗೆ ಕೇಳೋ ಹಾಗೆ ಅಂದಿದ್ದೆ ಕಣಯ್ಯ, ಇವನನ್ನ ನೋಡಿ ಕಲೀರಿ ಅಂತ."