ದೋಣಿಯ ಮುಂದೆ ಕೂರುತ್ತಿದ್ದ ಲುಬಿಂದ

ನಮ್ಮ ಕಡೆ ಮೀನಿನ ದೋಣಿಗೆ ಇಬ್ಬರು ಬೇಕು. ಹಿಂದೆ ನಿಂತು ಗಳು ಹಾಕಿ ದೋಣಿ ತಳ್ಳುವವನೊಬ್ಬ, ಮುಂದೆ ಕೂತು ಕಿವಿಗೊಡುವವನೊಬ್ಬ. ಜಾಂಬೆಜಿಯ ದೊಡ್ಡ ಹರಿವಿನಲ್ಲಾದರೆ ಕಣ್ಣೇ ಸಾಕು. ಆದರೆ ಮೀನಿರುವುದು ಜೊಂಡಿನ ಒಳಗಿನ ಸಣ್ಣ ಕಾಲುವೆಗಳಲ್ಲಿ. ಅಲ್ಲಿ ಜೊಂಡು ಎರಡಾಳೆತ್ತರ. ತಿರುವಿನಾಚೆ ನೀರಾನೆ ಮಲಗಿದೆಯೋ ಇಲ್ಲವೋ ಕಣ್ಣಿಗೆ ಹೇಗೆ ತಿಳಿಯಬೇಕು? ಅದಕ್ಕೇ ಕಾಲುವೆಯ ಬಾಯಲ್ಲಿ ದೋಣಿ ನಿಲ್ಲಿಸಿ, ಹುಟ್ಟುಗೋಲಿನಿಂದ ದೋಣಿಯ ಪಕ್ಕಕ್ಕೆ ಮೂರು ಸಲ ಬಡಿಯುತ್ತಾರೆ. ರೇಗಿದ ನೀರಾನೆ ಮೇಲೆದ್ದು ಬುಸ್ಸೆಂದು ಉಸಿರು ಬಿಡುತ್ತದೆ. ಉಸಿರು ಎಲ್ಲಿಂದ ಬಂತು, ಒಂದರದೋ ಎರಡರದೋ, ಮುಂದೆ ಕೂತವನು ಹೇಳಬೇಕು. ಏನೂ ಇಲ್ಲದಿದ್ದರೆ ಬಲಗೈ ಎತ್ತಬೇಕು. ಕೈ ಎತ್ತಿದರೆ ದೋಣಿ ಒಳಗೆ ಹೋಗುತ್ತದೆ.

ಲುಬಿಂದ ಹಾಗೆ ಕೈ ಎತ್ತುತ್ತಾ ಇಪ್ಪತ್ತೆರಡು ವರ್ಷ ಕೂತವನು. ಅವನ ಬೇಲಿಯಾಚೆಯೇ ನಾನು ಮೀನಿಗೆ ಹೊಗೆ ಹಾಕುವ ಚಪ್ಪರ. ಅವನು ತಂದ ಮೀನಿನಿಂದಲೇ ನನ್ನ ಒಲೆಯೂ ಉರಿಯುತ್ತಿತ್ತು. ದೋಣಿ ಅವನ ಹೆಂಡತಿ ನಾಲಿಶೆಬೊಳ ತಮ್ಮ ಸಿತಾಲಿಯದು. ಗಳು ಹಾಕುತ್ತಿದ್ದವನೂ ಅವನೇ. ಸಿತಾಲಿ ನಿಂತಲ್ಲಿ ನಿಲ್ಲದ ಬಾಯಿಯವನು, ಕಾಲುವೆಯ ಬಾಯಲ್ಲೂ ಗುನುಗುತ್ತಲೇ ಇರುತ್ತಿದ್ದ.

"ಬಾಯ್ಮುಚ್ಕೊಂಡು ನೀನೂ ಒಸಿ ಕೇಳೋ ಮಾರಾಯ" ಎಂದು ನಾನೇ ಒಮ್ಮೆ ಬೈದಿದ್ದೆ.

"ಭಾವ ಇರೋವಾಗ ನಾನ್ಯಾಕಕ್ಕ ಕಿವಿ ಸವೆಸ್ಲಿ? ನಮ್ಮಕ್ಕನ ಬೈಗುಳ ಕೇಳಿ ಕೇಳಿ ಪಳಗಿರೋ ಕಿವಿ ಅದು. ನೀರಾನೆ ಉಸ್ರು ಯಾವ ಲೆಕ್ಕ!" ಎಂದು ನಗುತ್ತಾ ಹೋದ.

ಹೋದ ಮಳೆಗಾಲದಲ್ಲಿ ಲುಬಿಂದನಿಗೆ ಜ್ವರ ಬಂತು. ಇಪ್ಪತ್ತು ದಿನ ಮಲಗಿ ಎದ್ದ. ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು, ಒಂದೇ ಸಲಕ್ಕಲ್ಲ, ತಿಂಗಳಿಗಿಷ್ಟು ತಿಂಗಳಿಗಿಷ್ಟು. ಅವನು ಯಾರಿಗೂ ಹೇಳಲಿಲ್ಲ. ಬೆಳ್ಳಕ್ಕಿಗಳು ಏಳುವುದನ್ನು ನೋಡುತ್ತಿದ್ದ, ನೀರು ಕದಡುವುದನ್ನು ನೋಡುತ್ತಿದ್ದ, ಗುಳ್ಳೆ ಎಣಿಸುತ್ತಿದ್ದ. ಕಿವಿಯ ಕೆಲಸವನ್ನು ಕಣ್ಣಿಂದ ಮಾಡಿಸಿಕೊಂಡು ಅಷ್ಟು ತಿಂಗಳು ತಳ್ಳಿದ. ನಮಗಾರಿಗೂ ಗೊತ್ತಾಗಲಿಲ್ಲ. ಮೊದಲೇ ಮಾತು ಕಡಿಮೆಯವನು.

ಗೊತ್ತಾದದ್ದು ನಾಲಿಶೆಬೊಗೆ. ಒಂದು ಬೆಳಿಗ್ಗೆ ಅವನ ಬೆನ್ನ ಹಿಂದೆ ಅವಳ ಕೈಯಿಂದ ಕಬ್ಬಿಣದ ಪಾತ್ರೆ ಜಾರಿ ಬಿತ್ತು. ಅಂಗಳದ ಕೋಳಿಗಳೆಲ್ಲ ಹಾರಿದವು, ಅವನು ತಿರುಗಲಿಲ್ಲ. ಅವಳು ಎದುರಿಗೆ ಬಂದು ನಿಂತಳು. ಮುಂದಿನದನ್ನು ಆಮೇಲೆ ಅವಳೇ ನನಗೆ ಹೇಳಿದ್ದು.

"ಯಾವಾಗಿಂದ?"

ಅವನು ಅವಳ ತುಟಿ ನೋಡಿದ. "ಸಿತಾಲಿಗೆ ಹೇಳ್ಬೇಡ."

"ಆ ದೋಣೀಲಿ ಹಿಂದೆ ನಿಂತಿರೋನು ನನ್ ತಮ್ಮ ರೀ!"

"ಮೀನು ಹಿಡಿಯೋದಕ್ಕೆ ಸರ್ಕಾರ ತಡೆ ಹಾಕೋಕೆ ಇನ್ನು ಹತ್ತೇ ದಿನ. ನದಿ ಮುಚ್ಲಿ, ನಾನೇ ಹೇಳ್ತೀನಿ. ಈಗ್ಲೇ ಹೇಳಿದ್ರೆ ನಾಳೆ ನನ್ ಜಾಗದಲ್ಲಿ ಇನ್ನೊಬ್ಬ ಕೂತಿರ್ತಾನೆ. ಮುಚ್ಚಿದ ಮೂರು ತಿಂಗ್ಳು ಏನ್ ತಿಂತೀಯಾ?"

ಅವಳು ತಮ್ಮನಿಗೆ ಹೇಳಲಿಲ್ಲ. ಹತ್ತು ದಿನ ತಾನೇ, ಎಂದುಕೊಂಡಳಂತೆ.

ಆರನೆಯ ದಿನ ಆನೆಗಳ ಹಿಂಡು ನದಿ ದಾಟುತ್ತಿತ್ತು. ಮರಿಗಳಿದ್ದವು, ಕೊನೆಯದು ದಡ ಹತ್ತುವವರೆಗೂ ಇವರು ದೋಣಿ ಹಿಡಿದು ಕಾದರು. ಕಾಲುವೆ ತಲುಪುವಾಗ ಬಿಸಿಲೇರಿ ಗಾಳಿ ಎದ್ದಿತ್ತು. ಗಾಳಿ ಎದ್ದರೆ ಬೆಳ್ಳಕ್ಕಿ ಕೂರುವುದಿಲ್ಲ, ನೀರೆಲ್ಲ ಒಂದೇ ಸಮ ಕದಡಿರುತ್ತದೆ. ಅವತ್ತು ಕಣ್ಣಿಗೂ ಏನೂ ಸಿಗಲಿಲ್ಲ. ಹಿಂದಿನ ಸಂಜೆ ಹಾಕಿದ ಬಲೆ ಒಳಗಿತ್ತು. ಲುಬಿಂದ ಮೂರು ಸಲ ಬಡಿದ, ಕಾದ, ಕೈ ಎತ್ತಿದ.

ದೋಣಿ ಎರಡು ತುಂಡಾಯಿತು. ಲುಬಿಂದ ಜೊಂಡಿನ ಬೇರು ಹಿಡಿದು ಉಳಿದ. ಸಿತಾಲಿ ಎರಡು ದಿನದ ಮೇಲೆ ಕೆಳಗಿನ ಮರಳದಿಬ್ಬದಲ್ಲಿ ಸಿಕ್ಕಿದ. ಮೊಸಳೆಗಳು ಉಳಿಸಿದಷ್ಟನ್ನು ಚಾಪೆಯಲ್ಲಿ ಸುತ್ತಿ ತಂದರು.

ನಮ್ಮಲ್ಲಿ ಸತ್ತವನ ಜೊತೆ ಕೊನೆಯಲ್ಲಿ ಇದ್ದವನು ಸೂತಕದ ಅಂಗಳದ ನಡುವೆ ಕೂತು, ಸಾವು ಹೇಗೆ ಬಂತೆಂದು ಎಲ್ಲರಿಗೂ ಹೇಳಬೇಕು. ಅಲ್ಲಿಯವರೆಗೆ ಯಾರೂ ಮುದ್ದೆ ಮುರಿಯುವಂತಿಲ್ಲ. ಗಂಡಸರು ಅವನ ಎದುರಿಗೆ, ಹೆಂಗಸರು ನಾವು ಹಿಂದೆ ಕೂತಿದ್ದೆವು.

"ಬಡಿದೆ" ಎಂದ ಲುಬಿಂದ. "ಕಾದೆ. ಏನೂ ಕೇಳಿಸ್ಲಿಲ್ಲ. ಕೈ ಎತ್ತಿದೆ."

ಒಂದೂ ಸುಳ್ಳಲ್ಲ.

ಊರ ಹಿರಿಯರು ತಲೆಯಾಡಿಸಿದರು. "ಅದು ಉಸ್ರು ಬಿಗಿಹಿಡ್ಕೊಂಡು ಕಾದಿತ್ತು ಕಣಪ್ಪ. ನಿನ್ನಂಥ ಕಿವಿಗೇ ಸಿಗ್ದಿದ್ದು ಇನ್ಯಾರಿಗೆ ಸಿಕ್ಕೀತು? ನಿಂದೇನೂ ತಪ್ಪಿಲ್ಲ."

ಆಗ ನನ್ನ ಪಕ್ಕದಲ್ಲಿದ್ದ ಸಿತಾಲಿಯ ತಾಯಿ ಬಾಯಿಬಿಟ್ಟಳು. ಮೂರು ದಿನದಿಂದ ಮಾತಾಡಿರಲಿಲ್ಲ ಮುದುಕಿ.

"ಅಳಿಯಂದ್ರೇ, ನನ್ ಮಗ ಕೊನೇಲಿ ಕೂಗಿದ್ನಾ? ನನ್ನ ಕರೆದ್ನಾ?"

ಲುಬಿಂದ ತಿರುಗಲಿಲ್ಲ. ದುಃಖಕ್ಕೆ ಮಾತು ಬರುತ್ತಿಲ್ಲವೆಂದುಕೊಂಡೆವು. ಮುದುಕಿ ಇನ್ನೊಮ್ಮೆ ಕೇಳಿದಳು, ಮತ್ತೆ ಕೇಳಿದಳು, ಅಂಗಳವೆಲ್ಲ ಕೇಳುವಂತೆ. ಎದುರಿಗಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ನಾಲಿಶೆಬೊ ಎದ್ದಳು. "ಅವ್ವಾ, ಅವ್ರಿಗೆ ಕಿವಿ ಕೇಳ್ಸಲ್ಲ. ಜ್ವರ ಬಂದಾಗಿಂದ ಹೋಗ್ತಾ ಬಂತು. ನಂಗೆ ಗೊತ್ತಿತ್ತು."

ಮುದುಕಿ ಮಗಳನ್ನೇ ನೋಡಿದಳು. "ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ತಮ್ಮನ್ನ ಕಳ್ಸಿದ್ಯಾ?"

"ಹೂಂ ಅವ್ವಾ."

ಯಾರೋ ಗಂಡಸರು ಎದ್ದು ನಿಂತರು. ಅವರ ಮುಖ ನೋಡಿ ಲುಬಿಂದ ಹಿಂದೆ ತಿರುಗಿದ. ಹೆಂಡತಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ತಮ್ಮ ಕೂಗಿದ್ನಾ ಅಂತ ಅವ್ವ ಕೇಳ್ತಿದಾಳೆ."

ಅವನು ಅವಳ ಬಾಯನ್ನೇ ನೋಡಿದ.

"ಗೊತ್ತಿಲ್ಲ" ಎಂದ. ತನ್ನ ದನಿ ತನಗೇ ಕೇಳದವರ ಹಾಗೆ ಬಲು ಜೋರಾಗಿ. "ಬಾಯಿ ತೆರ್ದಿದ್ದ. ಅಷ್ಟು ಕಂಡೆ."

ಅವತ್ತು ಮುದ್ದೆ ಹಾಗೇ ಆರಿತು. ಯಾರೂ ಅವನ ಮೇಲೆ ಕೈ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ನಾಲಿಶೆಬೊ ಈಗಲೂ ಹೇಳುತ್ತಾಳೆ. ಅವಳು ತಾಯಿಯ ಮನೆಯಲ್ಲೇ ಇದ್ದಾಳೆ. ತಾಯಿ ಊಟ ಹಾಕುತ್ತಾಳೆ, ಮಾತಾಡುವುದಿಲ್ಲ. ಲುಬಿಂದ ಬೇಲಿಯಾಚೆ ಯಾರದೋ ಹರಿದ ಬಲೆ ಹೆಣೆಯುತ್ತಾ ಕೂರುತ್ತಾನೆ. ಮೀನು ಕೊಡಲು ಹೋದರೆ ನಾನು ಎದುರಿನಿಂದಲೇ ಹೋಗುತ್ತೇನೆ. ಅವನು ಇಸಿದುಕೊಳ್ಳುತ್ತಾನೆ, ನನ್ನ ಮುಖ ನೋಡುವುದಿಲ್ಲ. ನೋಡಿದರೆ ನನ್ನ ತುಟಿ ಏನಾದರೂ ಹೇಳಿಬಿಟ್ಟೀತು ಎಂಬ ಭಯವಿರಬೇಕು.